ಎರಡನೆಯ ಹಲ್ಲು

ಹಲ್ಲಿನ ಆಸ್ಪತ್ರೆಯ ಮೂರನೆಯ ಕುರ್ಚಿಯ ಪಕ್ಕದಲ್ಲಿ ಹದಿನೆಂಟು ವರ್ಷ ನಿಂತವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಹತ್ತಿಯಕ್ಕ. ಬಾಯಿಯೊಳಗೆ ಹತ್ತಿಯ ಸುರುಳಿ ಇಡುವುದರಲ್ಲಿ ಅವಳ ಕೈ ಅಷ್ಟು ಪಳಗಿತ್ತು. ಕೆನ್ನೆಯ ಒಳಬದಿಗೊಂದು, ನಾಲಗೆಯ ಪಕ್ಕಕ್ಕೊಂದು ಸುರುಳಿ ಇಟ್ಟು, ಎಂಜಲು ಎಳೆಯುವ ಕೊಳವೆಯನ್ನು ತುಟಿಯ ಮೂಲೆಗೆ ಸಿಕ್ಕಿಸಿದಳೆಂದರೆ ಎಂಥ ಬಾಯಿಯೂ ಐದಾರು ನಿಮಿಷ ಒಣಗಿ ನಿಲ್ಲುತ್ತಿತ್ತು. ಹಲ್ಲು ತುಂಬಿಸುವವರಿಗೆ ಬೇಕಾದದ್ದು ಆ ಐದಾರು ನಿಮಿಷವೇ. ಎಂಜಲು ತಾಗಿದ ಗುಳಿಯೊಳಗೆ ಏನು ತುಂಬಿಸಿದರೂ ಅಂಚು ಗಟ್ಟಿಯಾಗಿ ಕಚ್ಚುವುದಿಲ್ಲ. ಕೂದಲೆಳೆಯಷ್ಟು ಸಂದಿ ಉಳಿದರೂ ಸಾಕು, ಒಳಗೊಳಗೇ ಹುಳುಕು ಮುಂದುವರಿಯುತ್ತದೆ.

ಅವಳ ಡಾಕ್ಟರಮ್ಮ ಅವಳಿಗಿಂತ ಒಂದೆರಡು ವರ್ಷ ದೊಡ್ಡವರು. ಮಾತು ಕಡಿಮೆ. ಇಬ್ಬರ ಕೆಲಸ ಎಷ್ಟು ಹೊಂದಿಕೊಂಡಿತ್ತೆಂದರೆ ಡಾಕ್ಟರಮ್ಮ ಕೈ ಚಾಚುವ ಮೊದಲೇ ಬೇಕಾದ ಸಲಕರಣೆ ಆ ಕೈಯಲ್ಲಿರುತ್ತಿತ್ತು. ಕೆಲಸದ ನಡುವೆ ಅವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದೇ: "ಒಣಗಿದೆಯಾ?"

ದವಡೆ ಹಲ್ಲಿನ ಹಿಂಬದಿಯ ಗೋಡೆ ಒಸಡನ್ನು ಮುಟ್ಟುವ ಜಾಗ ಡಾಕ್ಟರಮ್ಮ ಕೂತ ಕಡೆಯಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಎದುರು ಬದಿಯಲ್ಲಿ ನಿಂತ ಹತ್ತಿಯಕ್ಕನಿಗೆ ಕಾಣುತ್ತಿತ್ತು. ಅವಳು ಬಗ್ಗಿ ನೋಡಿ "ಒಣಗಿದೆ ಡಾಕ್ಟ್ರೇ" ಅನ್ನಬೇಕು, ಆಮೇಲೆಯೇ ಅವರು ತುಂಬಿಸಬೇಕು. ಇಲ್ಲ ಅಂದರೆ ಹತ್ತಿ ಬದಲಾಯಿಸಿ, ಗಾಳಿ ಊದಿ, ಮತ್ತೆ ಮೊದಲಿನಿಂದ. ಹದಿನೆಂಟು ವರ್ಷ ಆ ಮಾತಿನ ಮೇಲೆ ಡಾಕ್ಟರಮ್ಮ ಕಣ್ಣು ಮುಚ್ಚಿ ನಂಬಿಕೆ ಇಟ್ಟಿದ್ದರು.

ಹೀಗಿರುವಾಗ ಡಾಕ್ಟರಮ್ಮ ಒಂದು ಪರೀಕ್ಷೆಗೆ ಕೈ ಹಾಕಿದರು. ಎರಡು ದವಡೆ ಹಲ್ಲುಗಳ ನಡುವೆ ಬೀಳುವ ಗುಳಿಯನ್ನು ಯಾವುದು ಚೆನ್ನಾಗಿ ಮುಚ್ಚುತ್ತದೆ, ರೆಸಿನ್ನೋ ಸಿಮೆಂಟೋ ಎಂದು ನೋಡುವುದು. ರೆಸಿನ್ ಹಲ್ಲಿನದೇ ಬಣ್ಣದ ಅಂಟು. ನೀಲಿ ಬೆಳಕು ಬಿಟ್ಟರೆ ಗಟ್ಟಿಯಾಗುತ್ತದೆ. ಅದಕ್ಕೆ ಕರೆಂಟು ಬೇಕು, ಯಂತ್ರ ಬೇಕು. ಸಿಮೆಂಟಿಗೆ ಅದೇನೂ ಬೇಡ. ಪುಡಿ, ದ್ರಾವಣ, ಕಲಸಲು ಗಾಜಿನ ಬಿಲ್ಲೆ ಇದ್ದರಾಯಿತು. ಆಸ್ಪತ್ರೆಯ ವ್ಯಾನು ಕಲ್ಲುಗಣಿ, ಇಟ್ಟಿಗೆ ಗೂಡು, ದೂರದ ಶಾಲೆಗಳಿಗೆ ಹೋಗುತ್ತಿದ್ದದ್ದು ಈ ಸಿಮೆಂಟನ್ನು ನೆಚ್ಚಿಕೊಂಡೇ.

ಎರಡೂ ಮಗ್ಗುಲಲ್ಲಿ ಹುಳುಕು ಇರುವ ನಲವತ್ತು ಜನರನ್ನು ಆರಿಸಿದರು. ಒಂದೇ ಬಾಯಿಯಲ್ಲಿ ಒಂದು ಹಲ್ಲಿಗೆ ರೆಸಿನ್, ಇನ್ನೊಂದಕ್ಕೆ ಸಿಮೆಂಟು. ಯಾವ ಮಗ್ಗುಲಿಗೆ ಯಾವುದೆಂದು ಚೀಟಿ ಎತ್ತುತ್ತಿದ್ದರು. ಆದರೆ ಕೆಲಸದ ಸರದಿಯಲ್ಲಿ ಚೀಟಿ ಇರಲಿಲ್ಲ. "ರೆಸಿನ್‌ದು ನಾಜೂಕು. ಬಾಯಿ ದಣಿಯೋ ಮುಂಚೆ ಅದನ್ನ ಮುಗಿಸಿಬಿಡೋಣ, ಸಿಮೆಂಟು ಆಮೇಲೆ" ಎಂದರು ಡಾಕ್ಟರಮ್ಮ. ದಿನಕ್ಕೊಬ್ಬರಂತೆ ವಾರಕ್ಕೆ ಐದು ಜನ. ಸಂಜೆ ನಾಲ್ಕಕ್ಕೆ ಶುರು, ಐದೂವರೆಗೆ ಮುಗಿತಾಯ. ಎಂಟು ವಾರದ ಕೆಲಸ.

ಆ ಎಂಟು ವಾರವೇ ಹತ್ತಿಯಕ್ಕ ಕಾರು ಓಡಿಸಲು ಕಲಿಯುತ್ತಿದ್ದದ್ದು.

ಅದೊಂದು ಆಸೆ ಅವಳ ಮನಸ್ಸಿನಲ್ಲಿ ಬಹಳ ದಿನದಿಂದ ಕೂತಿತ್ತು. ತೂಕದ ಯಂತ್ರ ರಿಪೇರಿ ಮಾಡುವ ಗಂಡನ ಹಳೆಯ ಕಾರು ಮನೆ ಮುಂದೆ ನಿಂತಿರುತ್ತಿತ್ತು. ಬಾಯಿ ಬಿಟ್ಟು ಕೇಳಿದ ದಿನ ಅವನು ನಕ್ಕುಬಿಟ್ಟ. "ನೀನು ಓಡಿಸೋಕೆ ಕೂತ್ರೆ ರಸ್ತೇಲಿರೋರೆಲ್ಲ ಮರ ಹತ್ತಬೇಕಾಗುತ್ತೆ" ಎಂದ. ಅವಳು ಹೋಗಿ ಡ್ರೈವಿಂಗ್ ಶಾಲೆಗೆ ಸೇರಿದಳು. ನಲವತ್ತಾರನೆಯ ವಯಸ್ಸಿನಲ್ಲಿ, ಯಾರಿಗಾಗಿಯೂ ಅಲ್ಲದೆ ತನಗಾಗಿ ಅಂತ ಮಾಡಿದ ಮೊದಲ ಕೆಲಸ ಅದು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರೂಕಾಲಿಗೆ ಪಾಠ. ಐದು ನಲವತ್ತರ ಬಸ್ಸು ತಪ್ಪಿದರೆ ಅವಳ ಸರದಿ ಇನ್ನೊಬ್ಬರಿಗೆ ಹೋಗುತ್ತಿತ್ತು. ಮಾಸ್ತರು ಗದರುತ್ತಿದ್ದರು: "ಅಮ್ಮಾ, ಅದು ಕ್ಲಚ್ಚು, ಹೊಲಿಗೆ ಮಿಷನ್ ಪೆಡಲ್ಲಲ್ಲ. ಮೆಲ್ಲಗೆ ಬಿಡಿ!" ಆ ಗದರಿಕೆಯೂ ಅವಳಿಗೆ ಹಿತವಾಗಿತ್ತು.

ಮೊದಲ ಶುಕ್ರವಾರ ಬಂದವನು ಒಬ್ಬ ವೆಲ್ಡರ್. ಒಳ್ಳೆಯ ಮನುಷ್ಯ, ಆದರೆ ಕ್ಷಣಕ್ಕೊಮ್ಮೆ ಕೈಯೆತ್ತಿ ನಿಲ್ಲಿಸಿ ತೊಟ್ಟಿಗೆ ಉಗುಳುವ ಅಭ್ಯಾಸ. ರೆಸಿನ್ ಹಲ್ಲು ಮುಗಿಯುವಷ್ಟರಲ್ಲಿ ಐದು ಗಂಟೆ ದಾಟಿತ್ತು. ಎರಡನೆಯ ಹಲ್ಲಿನ ಗುಳಿ ಸಿದ್ಧವಾದಾಗ ಐದೂ ಇಪ್ಪತ್ತು. ಹತ್ತಿಯಕ್ಕ ಬಗ್ಗಿ ನೋಡಿದಳು. ಒಸಡಿನ ಅಂಚಿನಲ್ಲಿ ಎಂಜಲು ತೆಳ್ಳಗೆ ಜಿನುಗಿ, ದೀಪದ ಬೆಳಕಿಗೆ ಮಿರುಗುತ್ತಿತ್ತು. ಹತ್ತಿ ಬದಲಾಯಿಸಿ, ಮತ್ತೆ ಒಣಗಿಸಿ, ಹೊಸದಾಗಿ ಸಿಮೆಂಟು ಕಲಸಲು ಹತ್ತು ನಿಮಿಷ. ಅವಳ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗಿ ಬಂತು.

"ಒಣಗಿದೆಯಾ?"

"ಒಣಗಿದೆ ಡಾಕ್ಟ್ರೇ."

ಸಿಮೆಂಟು ಗುಳಿಯೊಳಗೆ ಇಳಿಯಿತು. ಅವಳಿಗೆ ಬಸ್ಸು ಸಿಕ್ಕಿತು. ಸೀಟಿನಲ್ಲಿ ಕೂತು, ಸಿಮೆಂಟಿಗೆ ಒಂದಿಷ್ಟು ತೇವ ಇದ್ದರೂ ನಡೆಯುತ್ತದೆ ಅಂತ ಡಾಕ್ಟರಮ್ಮನೇ ಒಮ್ಮೆ ಹೇಳಿದ್ದರಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅವರು ಹೇಳಿದ್ದು ಹಲ್ಲಿನೊಳಗೆ ಸಹಜವಾಗಿ ಇರುವ ಪಸೆಯ ಬಗ್ಗೆ, ನಿಂತ ಎಂಜಲಿನ ಬಗ್ಗೆ ಅಲ್ಲ. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಮೊದಲ ಸಲ ಕಷ್ಟವಾದದ್ದು ಎರಡನೆಯ ಸಲ ಆಗಲಿಲ್ಲ. ಪಾಠವಿದ್ದ ಸಂಜೆಗಳಲ್ಲಿ ಎರಡನೆಯ ಹಲ್ಲಿನ ಹೊತ್ತಿಗೆ ಅವಳು ಹತ್ತಿ ಬದಲಾಯಿಸುವುದನ್ನೇ ಬಿಟ್ಟಳು. ಕೆಲವು ಸಂಜೆ ಒಣಗಿಯೇ ಇರುತ್ತಿತ್ತು. ಎಷ್ಟೋ ಸಂಜೆ ಇರುತ್ತಿರಲಿಲ್ಲ. ಎರಡಕ್ಕೂ ಅವಳ ಉತ್ತರ ಒಂದೇ.

ನಲವತ್ತು ಜನರಲ್ಲಿ ಒಬ್ಬಳು ಅವಳ ಅತ್ತಿಗೆ, ಅಣ್ಣನ ಹೆಂಡತಿ. ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆಯೆಂದು ಕೂಗುವ ಕೆಲಸ. ತಾಯಿ ತೀರಿಕೊಂಡಾಗ ಹತ್ತಿಯಕ್ಕನಿಗೆ ಹದಿನಾಲ್ಕು. ಅಂದಿನಿಂದ ತಲೆ ಬಾಚಿದ್ದು, ಸ್ಕೂಲಿಗೆ ಕಳಿಸಿದ್ದು, ಮದುವೆ ಮಾಡಿದ್ದು ಎಲ್ಲ ಈ ಅತ್ತಿಗೆಯೇ. ಹಲ್ಲಿನ ಡಾಕ್ಟರೆಂದರೆ ಆಕೆಗೆ ಜೀವ ಬಾಯಿಗೆ ಬರುತ್ತಿತ್ತು. "ನೀನು ಪಕ್ಕದಲ್ಲಿರ್ತೀಯ ಅಂದ್ರೆ ಬರ್ತೀನಿ ಕಣೇ, ಇಲ್ಲಾಂದ್ರೆ ಈ ಹುಳುಕು ನನ್ನ ಜೊತೇನೇ ಮಣ್ಣಿಗೆ ಹೋಗಲಿ" ಎಂದಿದ್ದಳು. ಬುಧವಾರ ಬಂದಳು. ಕುರ್ಚಿಯಲ್ಲಿ ಒಂದೂವರೆ ಗಂಟೆ ನಾದಿನಿಯ ಸೆರಗನ್ನು ಬಿಡದೆ ಹಿಡಿದಿದ್ದಳು. ಅವತ್ತು ಕೂಡ ಐದೂ ಇಪ್ಪತ್ತಾಗಿತ್ತು. ಅವತ್ತು ಕೂಡ ಅಂಚು ಮಿರುಗುತ್ತಿತ್ತು. ಬೇರೆಯವರಿಗೆ ಹೇಳಿದ್ದನ್ನೇ ಅತ್ತಿಗೆಯ ಬಾಯಿಯ ಮೇಲೆ ಬಗ್ಗಿ ಕೂಡ ಹೇಳಿದಳು: "ಒಣಗಿದೆ ಡಾಕ್ಟ್ರೇ."

ಎರಡು ವರ್ಷ ಕಳೆಯಿತು. ಕಾರಿನ ಪರೀಕ್ಷೆಯಲ್ಲಿ ಒಂದು ಸಲ ಫೇಲಾಗಿ, ಎರಡನೆಯ ಸಲ ಪಾಸಾಗಿ, ಹತ್ತಿಯಕ್ಕ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿದ್ದಳು. ಎಂಜಲಿನ ಮಿರುಗು ನೆನಪಿನ ತಳಕ್ಕೆ ಹೋಗಿ ಕೂತಿತ್ತು. ಆಗ ನಲವತ್ತು ಜನರನ್ನೂ ಮತ್ತೆ ಕರೆಸಿದರು. ಬೇರೆ ಆಸ್ಪತ್ರೆಯ ಡಾಕ್ಟರೊಬ್ಬರು ಬಂದು, ಸೂಜಿ ಮೊನೆಯ ಕಡ್ಡಿಯಿಂದ ಪ್ರತಿಯೊಂದು ಅಂಚನ್ನೂ ತಡವಿ, ಎಕ್ಸ್‌ರೇ ನೋಡಿ, ಕಾರ್ಡಿನಲ್ಲಿ ಗುರುತು ಹಾಕಿದರು. ರೆಸಿನ್ ಹಲ್ಲುಗಳಲ್ಲಿ ಅಂಚು ಬಿಟ್ಟು ಸೋರಿದ್ದು ಐದು. ಸಿಮೆಂಟಿನವು ಹದಿನೇಳು.

"ಇಷ್ಟು ಕೆಟ್ಟದಾಗಿ ಬರುತ್ತೆ ಅಂದುಕೊಂಡಿರಲಿಲ್ಲ" ಎಂದರು ಡಾಕ್ಟರಮ್ಮ. ಅವರ ಮುಖ ಸಣ್ಣದಾಗಿತ್ತು. ಹತ್ತಿಯಕ್ಕ ಟ್ರೇ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸದೆ ತೊಳೆದ ಟ್ರೇಯನ್ನೇ ಮತ್ತೆ ತೊಳೆದಳು.

ಅವತ್ತೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಡಾಕ್ಟರಮ್ಮನಿಗೆ ತಲೆನೋವಿತ್ತು. ನಾಡಿದ್ದು ಯಾರೋ ಎದುರಿಗಿದ್ದರು. ಅಷ್ಟರಲ್ಲಿ ಫಲಿತಾಂಶ ಬರಹವಾಗಿ ಅಚ್ಚಾಯಿತು. ಅದರ ಹಿಂದೆಯೇ ಆಸ್ಪತ್ರೆಯ ಮೇಲಧಿಕಾರಿಗಳಿಂದ ಒಂದು ಸುತ್ತೋಲೆ ಬಂತು: ದವಡೆ ಹಲ್ಲುಗಳ ನಡುವಿನ ಗುಳಿಯಲ್ಲಿ ಇನ್ನು ಸಿಮೆಂಟು ಬಳಸಕೂಡದು.

ಆ ಸುತ್ತೋಲೆಗೆ ಅರ್ಥವೇನೆಂದು ಅವಳಿಗೆ ತಿಳಿದದ್ದು ನಾಲ್ಕೈದು ತಿಂಗಳ ಮೇಲೆ, ವ್ಯಾನಿನ ಡಾಕ್ಟರಿಂದ. ಔಷಧ ತುಂಬಿಸಿಕೊಳ್ಳಲು ಉಗ್ರಾಣಕ್ಕೆ ಬಂದಿದ್ದ ಆತ ಇಕ್ಕಳಗಳನ್ನೇ ಎತ್ತಿ ಎತ್ತಿ ಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದ.

"ಇದೇನು ಡಾಕ್ಟ್ರೇ, ಇಷ್ಟೊಂದು ಇಕ್ಕಳ?" ಎಂದಳು.

"ಮತ್ತೇನು ಮಾಡ್ಲಿ ಹತ್ತಿಯಕ್ಕ? ನೀಲಿ ದೀಪ ಹಚ್ಚೋಕೆ ಗಣಿಯಲ್ಲಿ ಕರೆಂಟ್ ಎಲ್ಲಿದೆ? ಸಿಮೆಂಟ್ ಹಾಕಬೇಡಿ ಅಂದ್ರು. ಊರಿನ ಆಸ್ಪತ್ರೆಗೆ ಬನ್ನಿ ಅಂದ್ರೆ ಗಣಿಯೋರು ಬರಲ್ಲ, ನೋವು ತಡೆಯೋಕಾಗಲ್ಲ. ಕೀಳ್ತೀನಿ. ಮೊನ್ನೆ ಶಾಲೇಲಿ ಹನ್ನೆರಡು ವರ್ಷದ ಹುಡುಗಿದು ಕಿತ್ತೆ. ಜೀವಮಾನ ಪೂರ್ತಿ ಬರಬೇಕಾದ ಹಲ್ಲು, ಚೂರೇ ಚೂರು ಗುಳಿ. ನಿಮ್ಮ ಡಾಕ್ಟರಮ್ಮ ತೋರಿಸಿದಾರಲ್ಲ ಸಿಮೆಂಟ್ ನಿಲ್ಲಲ್ಲ ಅಂತ."

ಹತ್ತಿಯಕ್ಕ ಏನೋ ನೆಪ ಹೇಳಿ ಹೊರಗೆ ಬಂದಳು.

ಅದೇ ವಾರ ಅತ್ತಿಗೆಯ ಮುಖ ಊದಿಕೊಂಡಿತು. ಸಿಮೆಂಟಿನ ಕೆಳಗೆ ಹುಳುಕು ಬೇರಿಗಿಳಿದು ಕೀವು ಕಟ್ಟಿತ್ತು. ಹಲ್ಲು ಉಳಿಸುವ ಹಾಗಿರಲಿಲ್ಲ. ಕಿತ್ತ ಮೂರನೆಯ ದಿನ ಹತ್ತಿಯಕ್ಕ ನೋಡಲು ಹೋದಾಗ ಅತ್ತಿಗೆ ದವಡೆಗೆ ಟವಲು ಒತ್ತಿಕೊಂಡೇ ತಮಾಷೆ ಮಾಡಿದಳು. "ಮೈಕಲ್ಲಿ 'ಸ' ಅಂದ್ರೆ ಗಾಳಿ ನುಗ್ಗುತ್ತೆ ಕಣೇ. ಪ್ಲಾಟ್‌ಫಾರ್ಮ್ ಸಂಖ್ಯೆ ಅಂತ ಕೂಗಿದ್ರೆ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತಂತೆ. ನಿಮ್ಮ ಡಾಕ್ಟ್ರು ಹಾಕಿದ್ದು ಎಂಥ ಹಾಳು ಸಿಮೆಂಟೋ! ಬಿಡು, ನೀನೇನು ಮಾಡ್ತೀಯ, ಪಾಪ." ಹಾಗೆಂದು ತಟ್ಟೆಯನ್ನು ನಾದಿನಿಯ ಕಡೆ ಸರಿಸಿದಳು.

ಆ 'ಪಾಪ' ಅನ್ನುವ ಮಾತು ಹತ್ತಿಯಕ್ಕನನ್ನು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಊಟಕ್ಕೆ ಹೋದಾಗ ಅವಳು ಬೀರುವಿನಿಂದ ನಲವತ್ತು ಕಾರ್ಡುಗಳನ್ನು ಹೊರತೆಗೆದಳು. ಒಂದೊಂದರ ಮೇಲೂ ಹಲ್ಲು ತುಂಬಿಸಿದ ತಾರೀಖಿತ್ತು. ಗೋಡೆಗೆ ತೂಗುಹಾಕಿದ ಹಳೆಯ ಕ್ಯಾಲೆಂಡರುಗಳ ಕಟ್ಟು ಬಿಚ್ಚಿ, ತಾರೀಖಿಗೆ ವಾರ ಹೊಂದಿಸಿದಳು. ಸೋಮವಾರ, ಬುಧವಾರ, ಶುಕ್ರವಾರದವು ಒಂದು ರಾಶಿ. ಮಂಗಳವಾರ, ಗುರುವಾರದವು ಇನ್ನೊಂದು. ಮೊದಲ ರಾಶಿಯಲ್ಲಿ ಇಪ್ಪತ್ತನಾಲ್ಕು ಕಾರ್ಡು, ಎರಡನೆಯದರಲ್ಲಿ ಹದಿನಾರು. ಆಮೇಲೆ ಸಿಮೆಂಟು ಸೋರಿದವನ್ನು ಎಣಿಸಿದಳು. ಪಾಠವಿಲ್ಲದ ದಿನಗಳಲ್ಲಿ ಎರಡು. ಪಾಠವಿದ್ದ ದಿನಗಳಲ್ಲಿ ಹದಿನೈದು. ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದಳು. ಮೂರನೆಯ ಸಲವೂ ಅಷ್ಟೇ. ರೆಸಿನ್ನಿನ ಐದು ಮಾತ್ರ ಎರಡು ರಾಶಿಯಲ್ಲೂ ಹಂಚಿಹೋಗಿದ್ದವು, ಮೂರು ಅಲ್ಲಿ, ಎರಡು ಇಲ್ಲಿ.

ಹತ್ತನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಹೇಗೋ ಪಾಸಾಗಿದ್ದವಳು ಅವಳು. ಈ ಲೆಕ್ಕ ಬಿಡಿಸಲು ಅಷ್ಟು ಸಾಕಾಗಿತ್ತು. ಡಾಕ್ಟರಮ್ಮ ಎರಡು ವರ್ಷ ಹಿಡಿದು ರೆಸಿನ್ನನ್ನೂ ಸಿಮೆಂಟನ್ನೂ ಹೋಲಿಸಿದ್ದರು. ಕಾರ್ಡುಗಳಲ್ಲಿ ಇದ್ದದ್ದು ಹತ್ತಿಯಕ್ಕನ ಸೋಮವಾರಕ್ಕೂ ಮಂಗಳವಾರಕ್ಕೂ ನಡುವಿನ ವ್ಯತ್ಯಾಸ. ಒಂದು ಹಾಳೆಯಲ್ಲಿ ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದಳು. ಬರೆದು ಅಲ್ಲೇ ಕೂತಳು. ಓಡಿಹೋದರೆ ಇನ್ನೆಂದೂ ಬಾಯಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಡಾಕ್ಟರಮ್ಮ ಬಂದು ಹಾಳೆ ಓದಿದರು. "ಇದೇನು, ವಾರ ಯಾಕೆ ಬರೆದಿದ್ದೀರಿ?"

"ಆ ಮೂರು ದಿನ ನಂಗೆ ಕಾರಿನ ಪಾಠ ಇತ್ತು ಡಾಕ್ಟ್ರೇ. ಬಸ್ಸಿಗೆ ಹೊತ್ತಾಗುತ್ತೆ ಅಂತ... ನೀವು ಒಣಗಿದೆಯಾ ಅಂದಾಗ ಒಣಗಿದೆ ಅಂದುಬಿಡ್ತಿದ್ದೆ. ಒಣಗಿರ್ತಿರಲಿಲ್ಲ."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲ. ಬಹಳ ಸಲ."

ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಾರ್ಡಿನ ಎರಡೂ ರಾಶಿಗಳನ್ನು ಹತ್ತಿರ ಎಳೆದುಕೊಂಡು ತಾವೂ ಒಂದು ಸಲ ಎಣಿಸಿದರು.

"ಫಲಿತಾಂಶ ಬಂದ ದಿನ ನೀವು ಇಲ್ಲೇ ಇದ್ರಿ. ಸುತ್ತೋಲೆ ಬಂದ ದಿನಾನೂ ಇಲ್ಲೇ ಇದ್ರಿ."

"ಇದ್ದೆ."

"ನಿಮ್ಮ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಬಾಯಿಗಳಿಗೆ ಕೈ ಹಾಕಿದೀನಿ." ಆಮೇಲೆ ತಾವೇ ತಡೆದುಕೊಂಡು ಹೇಳಿದರು: "ಕನ್ನಡಿ ಹಿಡಿದು ನೋಡೋದು ನನ್ನ ಕೆಲಸಾನೂ ಆಗಿತ್ತು. ಸಿಮೆಂಟನ್ನ ಪ್ರತಿ ಸಲ ಎರಡನೇದಾಗಿ ಇಟ್ಟವಳು ನಾನು. ಅದನ್ನ ನಾನು ಬರೀತೀನಿ. ನಿಮ್ಮದನ್ನ ನೀವು ಹೇಳಬೇಕು. ಆ ಇಪ್ಪತ್ತನಾಲ್ಕು ಜನಕ್ಕೂ, ಒಬ್ಬೊಬ್ಬರಿಗೇ."

ಅಚ್ಚಾದ ಬರಹವನ್ನು ಡಾಕ್ಟರಮ್ಮ ಹಿಂದಕ್ಕೆ ತೆಗೆದುಕೊಂಡರು. ಅವರ ಜೊತೆಯವರು ಹಿಂದಿನಿಂದ ಆಡಿಕೊಂಡರು. ಮೇಲಧಿಕಾರಿಗಳು ಅವರನ್ನು ಕರೆಸಿ ಒಂದು ಗಂಟೆ ಕೂರಿಸಿಕೊಂಡರು. ಸುತ್ತೋಲೆ ರದ್ದಾಗಲು ಇನ್ನೂ ಎರಡು ತಿಂಗಳು ಹಿಡಿಯಿತು. ಒಟ್ಟು ಏಳು ತಿಂಗಳು ವ್ಯಾನು ಇಕ್ಕಳ ಹಿಡಿದುಕೊಂಡೇ ಓಡಾಡಿತ್ತು. ಆ ಏಳು ತಿಂಗಳಲ್ಲಿ ಎಷ್ಟು ಹಲ್ಲು ಸುಮ್ಮನೆ ಹೋದವೆಂದು ವ್ಯಾನಿನ ಡಾಕ್ಟರನ್ನು ಕೇಳುವ ಧೈರ್ಯ ಹತ್ತಿಯಕ್ಕನಿಗೆ ಬರಲಿಲ್ಲ. ಅವಳನ್ನು ಕುರ್ಚಿಯ ಪಕ್ಕದಿಂದ ತೆಗೆದು ಸಲಕರಣೆ ಕುದಿಸುವ ಕೋಣೆಗೆ ಹಾಕಿದರು. ಅಲ್ಲಿ ಬಾಯಿಗಳಿರಲಿಲ್ಲ, ಹಬೆಯಿತ್ತು.

ಕೆಲಸ ಮುಗಿದ ಮೇಲೆ ದಿನಕ್ಕೆ ಇಬ್ಬರಂತೆ ಫೋನು ಮಾಡಿದಳು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು, ಇಲ್ಲದಿದ್ದರೆ ಸುತ್ತಿ ಬಳಸಿ ಮಾತಾಡಿಬಿಡುವ ಭಯ. ಒಬ್ಬರು ಪೂರ್ತಿ ಕೇಳುವ ಮೊದಲೇ ಫೋನಿಟ್ಟರು. ಒಬ್ಬ ನಿವೃತ್ತ ಮೇಷ್ಟರು ಅರ್ಧ ಗಂಟೆ ಬೈದರು. ಅವಳು ಹೂಂಗುಟ್ಟುತ್ತ ಕೇಳಿಸಿಕೊಂಡಳು. ಹೂವಿನ ಅಂಗಡಿಯವಳೊಬ್ಬಳು "ಅಯ್ಯೋ, ಅಷ್ಟಕ್ಕೆ ಯಾಕೆ ಅಳ್ತೀರಿ, ಬೇರೆ ಹಾಕಿಕೊಡಿ ಬರ್ತೀನಿ" ಅಂದಾಗ ಮಾತ್ರ ತಾನು ಅಳುತ್ತಿದ್ದೇನೆಂದು ಅವಳಿಗೆ ಗೊತ್ತಾಯಿತು. ಬಂದವರಿಗೆಲ್ಲ ಡಾಕ್ಟರಮ್ಮ ಹಳೆಯದನ್ನು ತೆಗೆದು ಹೊಸದಾಗಿ ತುಂಬಿಸಿಕೊಟ್ಟರು.

ಅತ್ತಿಗೆಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಮನೆಗೇ ಹೋದಳು. ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದಳು. ಹತ್ತಿಯಕ್ಕ ಎದುರು ಕೂತು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅತ್ತಿಗೆಯ ಕೈ ನಿಂತಿತು.

"ನಾನು ನಿನ್ನ ಸೆರಗು ಹಿಡ್ಕೊಂಡಿದ್ದೆ ಅಲ್ವಾ ಅವತ್ತು?"

"ಹೂಂ ಅತ್ತಿಗೆ."

"ಒದ್ದೆ ಇದೆ ಅಂತ ನಿನಗೆ ಕಾಣಿಸ್ತಿತ್ತು."

"ಕಾಣಿಸ್ತಿತ್ತು."

ಅತ್ತಿಗೆ ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಅಣ್ಣ ಬಾಗಿಲವರೆಗೆ ಬಂದು "ಈಗ ಹೋಗಮ್ಮ, ಆಮೇಲೆ ನೋಡೋಣ" ಎಂದ. ನಾಲ್ಕು ತಿಂಗಳು ಅತ್ತಿಗೆ ಮಾತಾಡಲಿಲ್ಲ. ಆಮೇಲೆ ಅಣ್ಣನಿಗೆ ಜ್ವರ ಬಂದಾಗ ತಾನೇ ಫೋನು ಮಾಡಿ ಯಾವ ಮಾತ್ರೆ ಕೊಡಲಿ ಎಂದು ಕೇಳಿದಳು. ಈಗ ಮಾತಿದೆ, ಹೋಗುವುದು ಬರುವುದು ಇದೆ. ಆದರೆ ಮೊದಲಿನ ಹಾಗೆ ಬೈಯುವುದಿಲ್ಲ, ರೇಗಿಸುವುದಿಲ್ಲ. ನೆಂಟರೊಡನೆ ಮಾತಾಡುವಷ್ಟು ಮರ್ಯಾದೆಯಿಂದ ಮಾತಾಡುತ್ತಾಳೆ. ಹತ್ತಿಯಕ್ಕನಿಗೆ ಆ ಮರ್ಯಾದೆಯೇ ತಡೆಯಲಾಗುವುದಿಲ್ಲ.

ಡಾಕ್ಟರಮ್ಮ ಹೊಸ ನಲವತ್ತು ಜನರೊಂದಿಗೆ ಪರೀಕ್ಷೆಯನ್ನು ಮತ್ತೆ ಶುರು ಮಾಡಿದರು. ಈ ಸಲ ಯಾವ ಹಲ್ಲು ಮೊದಲು ಎಂಬುದಕ್ಕೂ ಚೀಟಿ. ಪಕ್ಕದಲ್ಲಿ ನಿಂತವಳು ಬೇರೆ ಹುಡುಗಿ. ಒಂದು ವರ್ಷದ ಹೊತ್ತಿಗೆ ರೆಸಿನ್ನಿನಲ್ಲಿ ಮೂರು ಸೋರಿದ್ದವು, ಸಿಮೆಂಟಿನಲ್ಲಿ ನಾಲ್ಕು. ಡಾಕ್ಟರಮ್ಮ ತಾವೇ ಕುದಿಸುವ ಕೋಣೆಗೆ ಬಂದು ಆ ಅಂಕಿ ಹೇಳಿ ಹೋದರು. ಸಿಮೆಂಟು ಹೆಚ್ಚುಕಡಿಮೆ ಸರಿಸಮ ನಿಂತಿತೆಂದು ಸಂತೋಷ ಪಡಬೇಕೆನ್ನಿಸಿತು ಅವಳಿಗೆ. ತನ್ನ ಪಾಲಿನ ತಪ್ಪು ಎಷ್ಟು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಅಳೆದುಕೊಟ್ಟ ಹಾಗೂ ಆಯಿತು.

ಇಪ್ಪತ್ತನಾಲ್ಕು ಜನರಲ್ಲಿ ಇಪ್ಪತ್ತಮೂರು ಜನ ಸಿಕ್ಕರು. ವೆಲ್ಡರ್ ಸಿಗಲಿಲ್ಲ. ಕಾರ್ಡಿನಲ್ಲಿದ್ದ ನಂಬರು ಬೇರೆ ಯಾರದೋ ಆಗಿತ್ತು. ವಿಳಾಸದ ಮನೆ ಕೆಡವಿ ಅಲ್ಲಿ ಗೋದಾಮು ಕಟ್ಟಿದ್ದರು. ಎರಡು ವರ್ಷದ ತಪಾಸಣೆಗೆ ಬಂದಾಗಲೇ ಅವನ ಸಿಮೆಂಟಿನ ಅಂಚು ಕಪ್ಪಾಗಿತ್ತು. ಮತ್ತೆ ಬಾ ಎಂದಿದ್ದರು, ಬಂದಿರಲಿಲ್ಲ. ರಜೆಯ ದಿನ ಅವಳು ಕಬ್ಬಿಣದ ಗೇಟು, ಕಿಟಕಿ ಮಾಡುವ ಬೀದಿಗಳಲ್ಲಿ ಒಂದೊಂದೇ ಶೆಡ್ಡಿನ ಮುಂದೆ ನಿಂತು ಕೇಳುತ್ತಾಳೆ.

ಮೊನ್ನೆ ಒಂದು ಶೆಡ್ಡಿನಲ್ಲಿ ಮುಖದ ಗುರಾಣಿ ಎತ್ತಿ ಒಬ್ಬಾತ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹೆಸರೇನೋ ಹೇಳಿದ್ರಿ, ಸರಿ. ಆ ಹೆಸರಿನೋರು ಈ ಬೀದೀಲೇ ಮೂರು ಜನ ಇದಾರೆ. ಗುರುತು ಏನಮ್ಮ?"

"ಮಾತಾಡ್ತಾ ಮಾತಾಡ್ತಾ ಉಗುಳ್ತಾರೆ. ಎಡಗಡೆ ಕೆಳಗಿನ ದವಡೇಲಿ ಸಿಮೆಂಟ್ ತುಂಬಿರೋ ಹಲ್ಲಿದೆ" ಎಂದಳು.

ಆತ ನಗುವನ್ನು ತಡೆದುಕೊಂಡು, ಹಿಂದಿನ ಬೀದಿಯ ಕೊನೆಯಲ್ಲಿ ಇನ್ನೆರಡು ಶೆಡ್ಡುಗಳಿವೆ, ಅಲ್ಲಿ ವಿಚಾರಿಸಿ ಎಂದ. ಅವಳು ದಾರಿ ಕೇಳಿಕೊಂಡು ಆ ಕಡೆ ನಡೆದಳು.